ಪಿಟ್ಯುಟರಿ ಗಡ್ಡೆಗೆ ಗಾಮಾ ನೈಫ್: ವರ್ಷಗಳು ಕಳೆದ ಮೇಲೆ ಹೇಗಿದೆ?

ಗಾಮಾ ನೈಫ್ ಅಂದರೆ ಕೊಯ್ಯದೆ, ತಲೆಯೊಳಗಿನ ಗಡ್ಡೆಗೆ ಗುರಿಯಿಟ್ಟು ರೇಡಿಯೇಷನ್ ಕೊಡುವ ಚಿಕಿತ್ಸೆ. ಅದರ ಬಗ್ಗೆ ಓದಲು ಸಿಗುವ ಅನಿಸಿಕೆಗಳಲ್ಲಿ ಜಾಸ್ತಿ ಮೊದಲ ವಾರದವೇ. ಕೊಯ್ಯಲಿಲ್ಲ, ನೋವಾಗಲಿಲ್ಲ, ಬೇಗ ಮನೆಗೆ ಕಳಿಸಿದರು ಅಂತ. ಎಲ್ಲಾ ನಿಜ. ಆದರೆ ಈ ಚಿಕಿತ್ಸೆಯ ಫಲ ಗೊತ್ತಾಗುವುದು ಐದು, ಹತ್ತು ವರ್ಷ ಕಳೆದ ಮೇಲೆ. ಅದಕ್ಕೇ ನಾನು ಈಗ ಬರೆಯುತ್ತಿದ್ದೇನೆ.

ಪಿಟ್ಯುಟರಿ ಅಂದರೆ ಮೆದುಳಿನ ಬುಡದಲ್ಲಿರುವ, ದೇಹದ ಹಾರ್ಮೋನ್‌ಗಳನ್ನು ನಡೆಸುವ ಪುಟ್ಟ ಗ್ರಂಥಿ. ಅದರಲ್ಲಿ ನನಗಿದ್ದದ್ದು ಕ್ಯಾನ್ಸರ್ ಅಲ್ಲದ, ಹಾರ್ಮೋನ್ ಕೂಡ ಹೊರಬಿಡದ ಗಡ್ಡೆ. ಮೂಗಿನ ಮೂಲಕ ಆಪರೇಷನ್ ಮಾಡಿ ಮುಕ್ಕಾಲು ಪಾಲು ತೆಗೆದರು. ಗ್ರಂಥಿಯ ಪಕ್ಕದ ಕ್ಯಾವರ್ನಸ್ ಸೈನಸ್ ಅನ್ನುವ ಜಾಗದ ಕಡೆಗೆ ನುಗ್ಗಿದ್ದ ಚೂರನ್ನು ಮುಟ್ಟಲಿಲ್ಲ, ಯಾಕೆಂದರೆ ಅಲ್ಲಿ ಮೆದುಳಿಗೆ ರಕ್ತ ಒಯ್ಯುವ ದೊಡ್ಡ ನಾಳವೂ ಕಣ್ಣುಗುಡ್ಡೆ ಆಡಿಸುವ ನರಗಳೂ ಒತ್ತೊತ್ತಾಗಿ ಹಾದುಹೋಗುತ್ತವೆ. ಆ ಚೂರು ಬೆಳೆಯತೊಡಗಿದಾಗ ಗಾಮಾ ನೈಫ್ ರೇಡಿಯೋಸರ್ಜರಿ ಮಾಡಿದರು.

ಅವತ್ತಿನ ದಿನ ಕಷ್ಟ ಅನಿಸಿದ್ದು ತಲೆಗೆ ಫ್ರೇಮ್ ಬಿಗಿಯುವಾಗ ಮಾತ್ರ. ನಾಲ್ಕು ಕಡೆ ಮರಗಟ್ಟಿಸುವ ಇಂಜೆಕ್ಷನ್ ಉರಿಯುತ್ತದೆ, ಆಮೇಲೆ ಸುಮ್ನೆ ಬಿಗಿತ. ಯಂತ್ರದೊಳಗೆ ಏನೂ ಗೊತ್ತಾಗುವುದಿಲ್ಲ. ಕೋಬಾಲ್ಟ್-60ರ ಸುಮಾರು 200 ಸಣ್ಣ ಕಿರಣಗಳು ಒಂದೇ ಜಾಗದಲ್ಲಿ ಸೇರುತ್ತವೆ, ಒಂದೊಂದೇ ಆದರೆ ದುರ್ಬಲ. ಪ್ಲಾನಿಂಗ್ ಪರದೆಯಲ್ಲಿ ಗಡ್ಡೆಯ ಸುತ್ತ ಒಂದು ಗೆರೆ, ಅದರ ಮೇಲೆ ಕೆಲವೇ ಮಿಲಿಮೀಟರ್ ದೂರದಲ್ಲಿ ದೃಷ್ಟಿ ನರ. ಆ ಸಂದಿಯೇ ಎಲ್ಲವನ್ನೂ ತೀರ್ಮಾನಿಸುತ್ತದೆ. ಗಡ್ಡೆ ನರಕ್ಕೆ ಅಂಟಿಕೊಂಡಿದ್ದರೆ ಒಂದೇ ಸಲ ದೊಡ್ಡ ಡೋಸ್ ಕೊಡುವುದು ಕಷ್ಟ.

ಗಡ್ಡೆ ಕರಗಿ ಮಾಯವಾಗುತ್ತದೆ ಅಂತ ಮಾತ್ರ ಕಾಯಬೇಡಿ. ಬೆಳೆಯದೆ ನಿಂತರೆ ಅದೇ ಗೆಲುವು. ನನ್ನಂಥ ಗಡ್ಡೆಗಳಲ್ಲಿ ಐದು ವರ್ಷದ ಹೊತ್ತಿಗೆ 100ರಲ್ಲಿ 90ಕ್ಕೂ ಹೆಚ್ಚು ಜನರಿಗೆ ಹಾಗೆ ನಿಲ್ಲುತ್ತದೆ. ನನ್ನದು ಸ್ವಲ್ಪ ಕುಗ್ಗಿದೆ, ಕಣ್ಣು ಚೆನ್ನಾಗಿದೆ. ಈ ವಿಷಯದಲ್ಲಿ ಪೂರ್ತಿ ಐದು ಸ್ಟಾರ್. ಹಾರ್ಮೋನ್ ಹೊರಬಿಡುವ ಗಡ್ಡೆಗಳ ಕಥೆ ಬೇರೆ. ಬೆಳವಣಿಗೆಯ ಹಾರ್ಮೋನ್ ಜಾಸ್ತಿಯಾಗಿ ಕೈಕಾಲು, ಮುಖ ದೊಡ್ಡದಾಗುವ ಅಕ್ರೋಮೆಗಲಿ ಇರುವವರಲ್ಲಿ ಹೆಚ್ಚುಕಡಿಮೆ ಅರ್ಧ ಜನರಿಗೆ ಹಾರ್ಮೋನ್ ಹತೋಟಿಗೆ ಬರುತ್ತದೆ, ಅದೂ ನಿಧಾನವಾಗಿ, ವರ್ಷಗಟ್ಟಲೆ ಕಾದು. ಅಲ್ಲಿಯವರೆಗೆ ಔಷಧಿ ಬಿಡುವ ಹಾಗಿಲ್ಲ.

ಈಗ ಯಾರೂ ಸರಿಯಾಗಿ ಹೇಳದ ಮಾತು. ಗಡ್ಡೆಯ ಪಕ್ಕದಲ್ಲಿರುವ ಒಳ್ಳೆಯ ಗ್ರಂಥಿಗೂ ರೇಡಿಯೇಷನ್ ತಾಗುತ್ತದೆ, ಅದು ವರ್ಷಗಳ ಮೇಲೆ ಸೋಲುತ್ತಾ ಬರಬಹುದು. ಸುಮಾರು ನಾಲ್ಕರಲ್ಲಿ ಒಬ್ಬರಿಗೆ ಯಾವುದಾದರೊಂದು ಹಾರ್ಮೋನ್ ಕಡಿಮೆಯಾಗುತ್ತದೆ, ಕಾಲ ಕಳೆದಂತೆ ಆ ಸಂಖ್ಯೆ ಏರುತ್ತದೆ. ನನಗೂ ಆಯಿತು. ಮೆಟ್ಟಿಲು ಹತ್ತಿದರೆ ಸುಸ್ತು, ಮಧ್ಯಾಹ್ನಕ್ಕೆಲ್ಲ ಕಣ್ಣು ಎಳೆಯುವುದು. ಥೈರಾಯ್ಡ್ ರಿಪೋರ್ಟ್ ನೋಡಿದರೆ, ಥೈರಾಯ್ಡ್ ಅನ್ನು ಕೆಲಸಕ್ಕೆ ಹಚ್ಚಲು ಪಿಟ್ಯುಟರಿ ಹೊರಬಿಡುವ ಟಿಎಸ್‌ಎಚ್ ನಾರ್ಮಲ್! ಪಿಟ್ಯುಟರಿಯೇ ಕೈಕೊಟ್ಟಾಗ ಟಿಎಸ್‌ಎಚ್ ನಂಬುವ ಹಾಗಿಲ್ಲ, ಥೈರಾಯ್ಡ್ ತಾನೇ ಹೊರಬಿಡುವ ಹಾರ್ಮೋನ್ ಆದ ಫ್ರೀ ಟಿ4 ನೋಡಲೇಬೇಕು. ಅದು ಕಡಿಮೆ ಇತ್ತು. ದೇಹದ ಸ್ವಂತ ಸ್ಟೀರಾಯ್ಡ್ ಆದ ಕಾರ್ಟಿಸಾಲ್ ಕೂಡ ಬೆಳಗಿನ ಟೆಸ್ಟ್‌ನಲ್ಲಿ ಕಡಿಮೆ. ಎಂಡೋಕ್ರೈನಾಲಜಿಸ್ಟ್ (ಹಾರ್ಮೋನ್ ತಜ್ಞರು) ಮೊದಲು ಸ್ಟೀರಾಯ್ಡ್ ಮಾತ್ರೆ ಕೊಟ್ಟು ಆಮೇಲೆ ಥೈರಾಯ್ಡ್ ಮಾತ್ರೆ ಶುರು ಮಾಡಿದರು, ಈ ಕ್ರಮ ತಿರುಗುಮುರುಗಾದರೆ ಜೀವಕ್ಕೇ ಅಪಾಯ. ಜ್ವರ ಬಂದಾಗ ಸ್ಟೀರಾಯ್ಡ್ ಡೋಸ್ ಹೆಚ್ಚಿಸಬೇಕು ಅಂತಲೂ ಕಲಿಸಿದರು. ಈಗ ಆರಾಮಾಗಿದ್ದೇನೆ.

ಚಿಕಿತ್ಸೆ ಕೊಟ್ಟ ಆಸ್ಪತ್ರೆಯ ಫಾಲೋಅಪ್‌ಗೆ ಎರಡು ಸ್ಟಾರ್ ಅಷ್ಟೇ. ಎಂಆರ್‌ಐಗೆ ತಪ್ಪದೆ ಕರೆದರು, ಹಾರ್ಮೋನ್ ಟೆಸ್ಟ್ ಬಗ್ಗೆ ಒಬ್ಬರೂ ಬಾಯಿ ಬಿಡಲಿಲ್ಲ. ಸ್ಕ್ಯಾನ್ ಚೆನ್ನಾಗಿದೆ ಅಂದರೆ ಮನುಷ್ಯ ಚೆನ್ನಾಗಿದ್ದಾನೆ ಅಂತ ಅಲ್ಲವಲ್ಲ. ಇದು ನನಗೆ ಇವತ್ತಿಗೂ ಸಿಟ್ಟು ತರಿಸುವ ಸಂಗತಿ.

ಮಾಡಿಸಿಕೊಳ್ಳಿ ಅಂತಲೇ ಹೇಳುತ್ತೇನೆ. ಆದರೆ ದಿನಾಂಕ ಗೊತ್ತುಮಾಡುವ ಮುಂಚೆ ಕೇಳಿ: ಮುಂದೆ ಪ್ರತಿ ವರ್ಷ ನನ್ನ ಹಾರ್ಮೋನ್ ಯಾರು ನೋಡುತ್ತಾರೆ, ಕಣ್ಣಿಗೆ ಎಷ್ಟು ಅಗಲಕ್ಕೆ ಕಾಣುತ್ತದೆ ಅಂತ ನೋಡುವ ಫೀಲ್ಡ್ ಟೆಸ್ಟ್ ಯಾರು ಮಾಡುತ್ತಾರೆ? ಹೆಸರು ಹಿಡಿದು ಉತ್ತರ ಕೊಡದಿದ್ದರೆ, ಒಬ್ಬ ಎಂಡೋಕ್ರೈನಾಲಜಿಸ್ಟ್ ಅನ್ನು ನೀವೇ ಮೊದಲು ಹುಡುಕಿಕೊಳ್ಳಿ.