ತೋಟದ ಮನೆ ಜಗಲಿಗೆ ಯಾವ ಅಚ್ಚುಚಿತ್ರ?

ಚಿಕ್ಕಮಗಳೂರಿನ ಹತ್ತಿರ ತೋಟ ಇರುವ ಗೆಳೆಯನೊಬ್ಬ, ಜಗಲಿ ಗೋಡೆಗೆ ಹಳ್ಳಿಯ ದುಡಿಯುವ ಜನರ ಅಚ್ಚುಚಿತ್ರ ಬೇಕು, ಹರೇನ್ ದಾಸರದ್ದು ಹಾಕಲೋ ಚಿತ್ತಪ್ರಸಾದರದ್ದೋ ಅಂತ ಕೇಳುತ್ತಿದ್ದಾನೆ. ಇಬ್ಬರೂ ಬಂಗಾಳದ ಕಲಾವಿದರು. ಸಾಮ್ಯ ಹೆಚ್ಚುಕಡಿಮೆ ಅಷ್ಟೇ.

ಹರೇನ್ ದಾಸ್ (1921–1993) ಹೆಚ್ಚಾಗಿ ಮರದ ಅಚ್ಚಿನವರು. ಮರವನ್ನು ಅಡ್ಡ ಕೊಯ್ದ ಗಟ್ಟಿ ಮೈಮೇಲೆ ಚೂಪು ಉಳಿಯಿಂದ ಗೀರಿದರೆ ಕೂದಲೆಳೆಯಂಥ ಗೆರೆ ಬರುತ್ತದೆ. ಮೀನು ಹಿಡಿಯುವವರು, ಉಳುವವರು, ನೀರಿನ ಮೇಲಿನ ಬೆಳಕು, ಎಲ್ಲ ಪುಟ್ಟ ಕಾಗದದಲ್ಲಿ. ಮೂಗು ತಾಗಿಸಿ ನೋಡಬೇಕು. ಆದರೆ ಇವರ ಹಳ್ಳಿಯಲ್ಲಿ ಯಾರಿಗೂ ಬೆನ್ನು ನೋಯುವುದಿಲ್ಲ, ಅದೇ ನನ್ನ ತಕರಾರು.

ಚಿತ್ತಪ್ರಸಾದ್ (1915–1978) 1943ರ ಬಂಗಾಳದ ಬರಗಾಲದಲ್ಲಿ ಮಿಡ್ನಾಪುರದ ಹಳ್ಳಿ ಸುತ್ತಿ ಹಸಿದವರನ್ನು ಚಿತ್ರಿಸಿದವರು. ಆ ಚಿತ್ರಗಳಿದ್ದ ಪುಸ್ತಕದ ಪ್ರತಿಗಳನ್ನು ಬ್ರಿಟಿಷರು ಕಿತ್ತುಕೊಂಡು ಸುಟ್ಟರು. ಅವರ ಲಿನೋಕಟ್‌ನಲ್ಲಿ (ಲಿನೋಲಿಯಂ ಹಾಳೆ ಕೊರೆದು ತೆಗೆದ ಅಚ್ಚು) ಗೆರೆ ದಪ್ಪ, ಕಪ್ಪು ಜಾಸ್ತಿ. ದೂರದಿಂದಲೇ ಕಣ್ಣಿಗೆ ಹೊಡೆಯುತ್ತದೆ.

ಮಲಗುವ ಕೋಣೆಗಾದರೆ ಹರೇನ್ ದಾಸ್ ಸರಿ. ಜಗಲಿ ಅಂದರೆ ಕಾಫಿ ಕೊಯ್ಲಿನಲ್ಲಿ ಆಳುಗಳು ಚೀಲ ಹೊತ್ತು ಬಂದು ತೂಕಕ್ಕೆ ನಿಲ್ಲುವ ಜಾಗ ಅಲ್ವಾ, ಅಲ್ಲಿಗೆ ಚಿತ್ತಪ್ರಸಾದರೇ ಇರಲಿ. ಆಳುಗಳೂ ನೋಡಿ ಏನಾದರೂ ಅನ್ನಲಿ. ಮಳೆಗಾಲದ ತೇವಕ್ಕೆ ಕಾಗದ ಬೂಷ್ಟು ಹಿಡಿಯುತ್ತದೆ, ಗಾಜು ಹಾಕಿಸಿ ಗೋಡೆಗೆ ಅಂಟದ ಹಾಗೆ ತೂಗುಹಾಕಬೇಕು.