‘ಮಾಂಸ ಇಲ್ಲ’ ಅಂದರೆ ನಂಬಬೇಡಿ: ಪೋಲೆಂಡಿನಲ್ಲಿ ಪಿಯೆರೋಗಿ ತಿನ್ನುವ ಸಸ್ಯಾಹಾರಿಗಳಿಗೆ

ಕಳೆದ ತಿಂಗಳು ನಮ್ಮತ್ತೆ ಹಂದಿಕೊಬ್ಬು ತಿಂದರು. ತಿನ್ನಿಸಿದವಳು ನಾನೇ. ಎಪ್ಪತ್ತು ದಾಟಿದ ಜೀವ. ಕೇಕಿನಲ್ಲಿ ಮೊಟ್ಟೆ ಇದ್ದರೆ ಕಂಡೂ ಕಾಣದಂತೆ ಇರುತ್ತಾರೆಯೇ ಹೊರತು, ಮಾಂಸದ ತಟ್ಟೆ ಪಕ್ಕದ ಟೇಬಲ್ಲಿಗೆ ಬಂದರೂ ಕುರ್ಚಿ ತಿರುಗಿಸಿಕೊಂಡು ಕೂರುವವರು.

ನಾವಿರುವುದು ಕ್ರಾಕೋವ್‌ನಲ್ಲಿ. ಮನೆಯಿಂದ ಎರಡು ಟ್ರಾಮ್ ಸ್ಟಾಪ್ ಆಚೆ ಪಿಯೆರೋಗಿ ಮಾಡುವ ಸಣ್ಣ ಹೋಟೆಲ್. ಹೆಸರು ಬರೆಯುವುದಿಲ್ಲ. ಈ ಎಡವಟ್ಟು ಈ ದೇಶದ ಯಾವ ಬೀದಿಯಲ್ಲಾದರೂ ಆಗಬಹುದು. ಎಂಟಕ್ಕೆ 24 ಝ್ಲೋಟಿ, ಹೊಟ್ಟೆ ತುಂಬುತ್ತದೆ. ಮೈದಾ ಕಣಕಕ್ಕೆ ಹೂರಣ ತುಂಬಿ, ಅರ್ಧಚಂದ್ರದ ಹಾಗೆ ಮಡಚಿ ನೀರಲ್ಲಿ ಬೇಯಿಸುತ್ತಾರೆ. ಅತ್ತೆ ನೋಡಿದವರೇ, “ಕರ್ಜಿಕಾಯಿನ ಎಣ್ಣೆಗೆ ಬಿಡೋ ಬದಲು ನೀರಿಗೆ ಬಿಟ್ಟಿದಾರಲ್ಲೇ” ಅಂದರು.

ನಾನು ಹೇಳಿದ್ದು ‘ರುಸ್ಕಿಯೆ’. ಒಳಗೆ ಆಲೂಗಡ್ಡೆ, ಈರುಳ್ಳಿ, ಉದುರುದುರು ಪನೀರಿನಂಥ ತ್ವಾರುಗ್, ಮೆಣಸಿನಪುಡಿ. ಹೆಸರು ಕೇಳಿ ರಷ್ಯಾದ್ದು ಅಂದುಕೊಳ್ಳಬೇಡಿ. ಅದು ಹಳೆಯ ರುಥೇನಿಯಾ, ಹೆಚ್ಚುಕಡಿಮೆ ಇವತ್ತಿನ ಪಶ್ಚಿಮ ಉಕ್ರೇನ್ ಕಡೆಯ ಹೆಸರು. 2022ರ ಯುದ್ಧ ಶುರುವಾದ ಮೇಲೆ ಕೆಲವರು ಬೋರ್ಡಿನಲ್ಲಿ ‘ಉಕ್ರೇನ್ ಪಿಯೆರೋಗಿ’ ಅಂತಲೇ ಬದಲಿಸಿದ್ದಾರೆ. ಹೂರಣದಲ್ಲಿ ಮಾಂಸ ಇಲ್ಲ, ಗೊತ್ತಿತ್ತು. ಆದರೂ ಕೌಂಟರಿನಲ್ಲಿ “ಬೆಜ್ ಮ್ಯೆಂಸಾ?” ಅಂತ ಕೇಳಿದೆ. ಮಾಂಸ ಇಲ್ಲ ತಾನೇ? “ಇಲ್ಲ ಇಲ್ಲ” ಅಂದರು.

ತಟ್ಟೆ ಬಂತು. ಮೇಲೆ ಕಂದುಬಣ್ಣದ ಚೂರುಗಳು, ಹುರಿದ ಈರುಳ್ಳಿಯಂತೆ. ಅತ್ತೆ ಎರಡು ತಿಂದು, “ಈರುಳ್ಳಿ ಇಷ್ಟು ಗಟ್ಟಿ ಯಾಕೆ?” ಅಂದರು. ನಾನು ಒಂದು ಚೂರು ಬಾಯಿಗಿಟ್ಟೆ. ಎದೆ ಧಸಕ್ಕೆಂದಿತು.

ಅದು ಸ್ಕ್ವಾರ್ಕಿ. ಹಂದಿಕೊಬ್ಬನ್ನು ಸಣ್ಣಗೆ ಹೆಚ್ಚಿ ಗರಿಗರಿಯಾಗುವಂತೆ ಕರಗಿಸಿ ಹುರಿದದ್ದು. ಕೌಂಟರಿಗೆ ಹೋಗಿ ಕೇಳಿದರೆ ಆಕೆಗೆ ನಿಜಕ್ಕೂ ಆಶ್ಚರ್ಯ: “ಇದು ಮಾಂಸ ಅಲ್ಲವಲ್ಲ, ಸ್ಕ್ವಾರ್ಕಿ!” ಆಕೆ ಸುಳ್ಳು ಹೇಳಿರಲಿಲ್ಲ. ಅವರ ಲೆಕ್ಕದಲ್ಲಿ ಇದು ನಮ್ಮ ಒಗ್ಗರಣೆಯಿದ್ದಂತೆ. ಒಗ್ಗರಣೆಯನ್ನು ಯಾರು ಪದಾರ್ಥ ಅಂತ ಎಣಿಸುತ್ತಾರೆ?

ಅಲ್ಲಿಯವರೆಗೂ ತಪ್ಪು ನನ್ನದೇ ಅಂದುಕೊಂಡಿದ್ದೆ. ಸಿಟ್ಟು ಬಂದದ್ದು ಆಮೇಲೆ. ಬೇರೆ ಕೊಡಿ, ದುಡ್ಡು ಕೊಡುತ್ತೇನೆ ಅಂದೆ. ಐದು ನಿಮಿಷಕ್ಕೆ ಬೆಣ್ಣೆ ಸುರಿದ ತಟ್ಟೆ ಬಂತು. ಎಣಿಸಿದರೆ ಆರು. ಎಂಟರಲ್ಲಿ ಅತ್ತೆ ತಿಂದದ್ದು ಎರಡು. ಸ್ಕ್ವಾರ್ಕಿ ಕೆರೆದು ಅದೇ ತಟ್ಟೆ ವಾಪಸ್ ತಂದಿದ್ದರು! ಬಿಲ್ಲಿನಲ್ಲಿ ಬೆಣ್ಣೆಗೆ ಬೇರೆ 3 ಝ್ಲೋಟಿ.

ಹಾಗಾಗಿ ಊರಿಂದ ಹಿರಿಯರು ಬಂದಿದ್ದರೆ ‘ಮಾಂಸ ಇಲ್ಲ ತಾನೇ’ ಅಂತ ಕೇಳಿ ಸುಮ್ಮನಾಗಬೇಡಿ. “ಬೆಸ್ ಸ್ಕ್ವಾರ್ಕುಫ್, ಬೆಸ್ ಸ್ಮಾಲ್ತ್ಸು” ಅನ್ನಿ. ಸ್ಕ್ವಾರ್ಕಿ ಬೇಡ, ಹಂದಿಕೊಬ್ಬಿನ ತುಪ್ಪ ಬೇಡ ಅಂತ. ಎರಡನೆಯದನ್ನಂತೂ ಮರೆಯಬೇಡಿ, ಬರೀ ಈರುಳ್ಳಿಯನ್ನೂ ಅದರಲ್ಲೇ ಹುರಿಯುವವರಿದ್ದಾರೆ. ಎಲೆಕೋಸು-ಅಣಬೆಯ ಹೂರಣ ಕ್ರಿಸ್‌ಮಸ್ ಹಿಂದಿನ ರಾತ್ರಿಯ ಊಟಕ್ಕೆ ಮಾಂಸವಿಲ್ಲದೆ ಮಾಡುವಂಥದ್ದು, ಆದರೆ ಮಾಮೂಲಿ ದಿನ ಹೋಟೆಲಿನಲ್ಲಿ ಎಲೆಕೋಸನ್ನು ಯಾವುದರಲ್ಲಿ ಬಾಡಿಸಿದರೋ ಕೇಳಲೇಬೇಕು. ಬೀಟ್‌ರೂಟಿನ ಬಾರ್ಷ್ಚ್ ಸಾರು ಎಷ್ಟೋ ಕಡೆ ಮಾಂಸ ಬೇಯಿಸಿದ ನೀರಲ್ಲೇ ಆಗುತ್ತದೆ. ಮೊಟ್ಟೆಯೂ ಆಗದವರು ಕಣಕದ ಬಗ್ಗೆಯೂ ಕೇಳಿ. ಬೇಸಿಗೆಯಲ್ಲಾದರೆ ಬ್ಲೂಬೆರಿ, ಸ್ಟ್ರಾಬೆರಿ ತುಂಬಿ ಮೇಲೆ ಕೆನೆ ಹಾಕಿದ ಸಿಹಿ ಪಿಯೆರೋಗಿ ಸಿಗುತ್ತವೆ, ಅವುಗಳ ಮೇಲೆ ಸ್ಕ್ವಾರ್ಕಿ ಬೀಳುವ ಭಯವಿಲ್ಲ.

ಅತ್ತೆ ಆ ದಿನ ಏನೂ ಅನ್ನಲಿಲ್ಲ. ಮನೆಗೆ ಬಂದು ತಲೆಗೆ ಸ್ನಾನ ಮಾಡಿ, ರಾತ್ರಿ ಬರೀ ಹಾಲು ಕುಡಿದು ಮಲಗಿದರು. ಬೆಳಿಗ್ಗೆ ಎದ್ದು ನೋಡಿದರೆ ಅಡುಗೆಮನೆಯಲ್ಲಿ ಮೈದಾ ಕಲಸುತ್ತಿದ್ದರು. “ಒಳಗಿಂದು ಚೆನ್ನಾಗೇ ಇತ್ತು ಕಣೇ” ಅಂದರು.