ರಿಯಾಜಿನ ಕೋಣೆಗೆ ತಂದ ಓಝೋನ್ ಮಷಿನ್: 5ಕ್ಕೆ 1 ಸ್ಟಾರ್

ಮಳೆಗಾಲಕ್ಕೆ ನನ್ನ ರಿಯಾಜಿನ (ಹಾಡಿನ ಅಭ್ಯಾಸದ) ಕೋಣೆ ಮುಗ್ಗಲು ವಾಸನೆ ಹೊಡೆಯುತ್ತದೆ ಅಂತ ತಮ್ಮ ಕಲಬುರಗಿಯ ಸೂಪರ್ ಮಾರ್ಕೆಟ್ ಕಡೆಯ ಒಂದು ಅಂಗಡಿಯಿಂದ, ಗಾಳಿ ಶುದ್ಧ ಮಾಡುತ್ತದೆ ಅಂತ ಓಝೋನ್ ಎಂಬ ಅನಿಲ ಬಿಡುವ ಈ ಮಷಿನ್ ತಂದುಕೊಟ್ಟ. ಮುಗ್ಗಲು ವಾಸನೆ ಕಡಿಮೆಯಾಯಿತು, ಅದು ನಿಜ. ಅದರ ಜಾಗದಲ್ಲಿ ಝೆರಾಕ್ಸ್ ಅಂಗಡಿಯೊಳಗಿನಂಥ ಚುರುಚುರು ವಾಸನೆ ತುಂಬಿಕೊಂಡಿತು. ಅಂಗಡಿಗೆ ಫೋನ್ ಹಚ್ಚಿದರೆ, "ಅಕ್ಕಾರ, ವಾಸನಿ ಬರ್ಲಿಕತ್ತದ ಅಂದ್ರ ಮಷಿನ್ ಛಲೋ ಕೆಲಸ ಮಾಡ್ಲಿಕತ್ತದ ಅಂತ ತಿಳ್ಕೋರಿ. ಹಾಡೋರಿಗಂತೂ ಶುದ್ಧ ಗಾಳಿ ಬೇಕೇ ಬೇಕು" ಅಂದ ಹುಡುಗ.

ನನಗೆ ದಮ್ಮಿನ ಕಾಯಿಲೆ ಇಲ್ಲ, ಅಲರ್ಜಿ ಇಲ್ಲ. ಮಂದ್ರ ಷಡ್ಜ, ಅಂದರೆ ಕೆಳಗಿನ ಸ್ಥಾಯಿಯ 'ಸ', ಹಿಡಿದು ನಿಲ್ಲಿಸುವುದು ನಿತ್ಯದ ಅಭ್ಯಾಸ. ಮಷಿನ್ ಹಾಕಿಕೊಂಡು ಕೂತ ದಿನ ಉಸಿರು ಅರ್ಧಕ್ಕೆ ಬರುವಷ್ಟರಲ್ಲೇ ಎದೆಮೂಳೆಯ ಹಿಂದೆ ಚುಚ್ಚಿ ಕೆಮ್ಮು ಬಂತು. ಇನ್ನೂ ಎಳೆಯೋಣ ಅಂದರೆ ಎದೆ ಬಿಡಲೊಲ್ಲದು.

ಓಝೋನ್ ನೀರಿನಲ್ಲಿ ಸರಿಯಾಗಿ ಕರಗುವ ಅನಿಲವಲ್ಲ. ಹಾಗಾಗಿ ಮೂಗು, ಗಂಟಲಲ್ಲೇ ಪೂರ್ತಿ ನಿಲ್ಲದೆ ಶ್ವಾಸಕೋಶದ ಸಣ್ಣ ಕೊಳವೆಗಳವರೆಗೂ ಇಳಿಯುತ್ತದೆ. ಅಲ್ಲಿನ ತೆಳು ಪೊರೆಗೆ ಉರಿಯೂತ ಬರುತ್ತದೆ, ನರಗಳು ಕೆರಳಿ ತುಂಬು ಉಸಿರನ್ನು ನಡುವೆಯೇ ತಡೆಯುತ್ತವೆ. ಆರೋಗ್ಯವಂತ ಯುವಜನರಿಗೆ ವ್ಯಾಯಾಮ ಮಾಡಿಸುತ್ತಾ 6.6 ಗಂಟೆ ಕಾಲ 0.08 ಪಿಪಿಎಂ (ಗಾಳಿಯ ಹತ್ತು ಲಕ್ಷ ಭಾಗದಲ್ಲಿ 0.08 ಭಾಗ) ಓಝೋನ್ ಇದ್ದ ಗಾಳಿ ಕೊಟ್ಟ ಪ್ರಯೋಗಗಳಲ್ಲೂ ಶ್ವಾಸಕೋಶದ ಸಾಮರ್ಥ್ಯ ಕುಗ್ಗಿದೆ. ಕೆಮ್ಮು, ಬಿಗಿತ ಒಂದೆರಡು ದಿನಕ್ಕೆ ಇಳಿಯಬಹುದು, ಒಳಗಿನ ಉರಿಯೂತ ಅಷ್ಟು ಬೇಗ ಆರುವುದಿಲ್ಲ. ಜೋರಾಗಿ ಉಸಿರೆಳೆದಷ್ಟೂ ಒಳಗೆ ಹೋಗುವ ಪ್ರಮಾಣ ಹೆಚ್ಚು. ಹಾಡುವವರು, ಓಡುವವರು, ಮನೆ ತುಂಬ ಕುಣಿಯುವ ಮಕ್ಕಳು ದಯವಿಟ್ಟು ಇದನ್ನು ಗಮನಿಸಿ.

ಡಬ್ಬಿಯ ಮೇಲೆ ಮಷಿನ್ ಬಿಡುವ ಓಝೋನ್ 'ಗಂಟೆಗೆ 400 ಮಿಲಿಗ್ರಾಂ' ಅಂತ ದೊಡ್ಡದಾಗಿ ಬರೆದಿದ್ದಾರೆ, ಅದೇ ಹೆಚ್ಚುಗಾರಿಕೆ ಎಂಬಂತೆ. ನನ್ನ ಕೋಣೆ ಉದ್ದ, ಅಗಲ, ಎತ್ತರ ಎಲ್ಲ 10 ಅಡಿ, ಅಂದರೆ ಸುಮಾರು 28 ಘನ ಮೀಟರ್. ಒಂದು ಗಂಟೆಯಲ್ಲಿ ಉಗುಳಿದ್ದರಲ್ಲಿ ಹತ್ತರಲ್ಲಿ ಒಂಬತ್ತು ಪಾಲು ಗೋಡೆ, ಬಟ್ಟೆಗೆ ತಾಗಿ ಒಡೆದುಹೋಯಿತು ಅಂದುಕೊಂಡರೂ ಘನ ಮೀಟರಿಗೆ 1,400 ಮೈಕ್ರೋಗ್ರಾಂ ಉಳಿಯುತ್ತದೆ. ನಮ್ಮ ದೇಶದಲ್ಲಿ ಹೊರಗಿನ ಗಾಳಿಯ ಓಝೋನಿಗೆ 2009ರಲ್ಲಿ ಇಟ್ಟ ಮಿತಿ ಘನ ಮೀಟರಿಗೆ 8 ಗಂಟೆಯ ಸರಾಸರಿಗೆ 100 ಮೈಕ್ರೋಗ್ರಾಂ, ಒಂದು ಗಂಟೆಗೆ 180. ಬಿಸಿಲಿಗೆ ವಾಹನದ ಹೊಗೆ ಬೆರೆತು ರಸ್ತೆಯಲ್ಲಿ ಹುಟ್ಟುವುದೂ ಇದೇ ಅನಿಲ. ಅದನ್ನು ಮಾಲಿನ್ಯ ಅಂತ ಅಳೆಯುತ್ತೇವೆ, ಇದನ್ನು ಶುದ್ಧ ಗಾಳಿ ಅಂತ ಮಾರುವುದು ಅನ್ಯಾಯ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ 0.050 ಪಿಪಿಎಂಗಿಂತ ಹೆಚ್ಚು ಓಝೋನ್ ಬಿಡುವ ಮನೆಬಳಕೆಯ ಏರ್ ಕ್ಲೀನರ್ ಮಾರುವಂತೆಯೇ ಇಲ್ಲ.

'ಜನರಿರುವಾಗ ಬಳಸಬೇಡಿ' ಎಂಬ ಒಂದು ಸಾಲೂ ಡಬ್ಬಿಯಲ್ಲಿಲ್ಲ. ಒಂದು ಸ್ಟಾರ್ ಕೊಟ್ಟಿದ್ದು ವಾಸನೆ ತೆಗೆದದ್ದಕ್ಕೆ ಮಾತ್ರ. ಈಗಾಗಲೇ ಕೊಂಡಿದ್ದರೆ ಯಾರೂ ಇಲ್ಲದ ಕೋಣೆಯಲ್ಲಷ್ಟೇ ಹಾಕಿ, ಬಂದ್ ಮಾಡಿದ ಮೇಲೆ ಕಿಟಕಿ ಬಾಗಿಲು ತೆರೆದು ಚೆನ್ನಾಗಿ ಗಾಳಿಯಾಡಿಸಿ ಆಮೇಲೆ ಒಳಗೆ ಹೋಗಿ. ಅಂಗಡಿಯವರು ದುಡ್ಡು ವಾಪಸ್ ಕೊಡಲಿಲ್ಲ, ಮಷಿನ್ ಬದಲಿಗೆ ಎಕ್ಸಾಸ್ಟ್ ಫ್ಯಾನ್ ಕೊಟ್ಟರು. ಛತ್ತಿನ ಸೋರಿಕೆ ಮುಚ್ಚಿಸಿ ಅದನ್ನೇ ಹಾಕಿಸಿದ್ದೇನೆ. ಮುಗ್ಗಲು ವಾಸನೆಗೆ ಅಷ್ಟು ಸಾಕಾಯಿತು.